ಮದುವೆಯ ಮುಚ್ಚಳಿಕೆ

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಯ ಮೊದಲ ಮಹಿಳೆ ಅವರು. ಸಂದರ್ಶನ ಮಂಡಳಿ ಈ ಸೇವೆ ನಿಮಗೆ ಬೇಡ ಎಂದು ಅವರ ಮನಸ್ಸು ತಿರುಗಿಸಲು ನೋಡಿತ್ತು. ಅವರು ಪಟ್ಟು ಬಿಡದೆ ಸೇರಿದಾಗ ಸರ್ಕಾರ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿತು: ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ. ಗಂಡಸರಿಗೆ ಇಂಥ ಷರತ್ತು ಇರಲಿಲ್ಲ. ಸಂಬಳದಲ್ಲಿ ಮಾತ್ರ ಭೇದವಿರಲಿಲ್ಲ. ವೇತನ ಶ್ರೇಣಿ ಒಂದೇ, ವಾರ್ಷಿಕ ಇನ್‌ಕ್ರಿಮೆಂಟ್ ಒಂದೇ. ಹೆಣ್ಣಿಗೆ ಕಡಿಮೆ ಸಂಬಳ ಏಕೆ ಎಂದು ವಿಚಾರಿಸುವವರು ಸಾಮಾನ್ಯವಾಗಿ ಸಂಬಳದ ಪಟ್ಟಿಯಿಂದ ಹೊರಡುತ್ತಾರೆ. ಈ ಪ್ರಶ್ನೆಯ ಚರಿತ್ರೆಯನ್ನು ಮುಚ್ಚಳಿಕೆಯಿಂದ ಶುರುಮಾಡಬೇಕು ಎಂಬುದು ನನ್ನ ವಾದ. ಹೆಂಗಸು ಇಲ್ಲಿ ನಾಲ್ಕು ದಿನ ಇದ್ದು ಹೋಗುವವಳು ಎಂಬ ಎಣಿಕೆಯೇ ಮೊದಲು ಬಂದದ್ದು. ಕಡಿಮೆ ಕೂಲಿಯೂ ತಡವಾದ ಬಡ್ತಿಯೂ ಆ ಎಣಿಕೆಯಿಂದ ಹುಟ್ಟಿದವು.

ಮುತ್ತಮ್ಮ ಸೇರಿದ ಮರುವರ್ಷವೇ ಸಂವಿಧಾನ ಜಾರಿಗೆ ಬಂತು. ಸರ್ಕಾರಿ ಉದ್ಯೋಗದಲ್ಲಿ ಲಿಂಗದ ಆಧಾರದ ಮೇಲೆ ಯಾರಿಗೂ ಭೇದ ಮಾಡಕೂಡದು ಎಂದು ಅದರ 16ನೇ ವಿಧಿ ಹೇಳುತ್ತದೆ. ಆದರೂ 1961ರಲ್ಲಿ ವಿದೇಶಾಂಗ ಸೇವೆಗೆ ನಿಯಮಗಳನ್ನು ರೂಪಿಸಿದಾಗ ಹಳೆಯ ಷರತ್ತು ಬೇರೆ ವೇಷದಲ್ಲಿ ಒಳಗೆ ಬಂತು. ನಡತೆಯ ನಿಯಮ 8(2)ರ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯ ನಂತರ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತು ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದಿತ್ತು. ಅಡ್ಡಿಯಾಗಿದೆ ಎಂದು ತೋರಿಸುವ ಗೋಜು ಅಧಿಕಾರಸ್ಥರಿಗೆ ಇರಲಿಲ್ಲ, ಆದೀತು ಎಂಬ ಅನುಮಾನವೇ ಸಾಕಾಗಿತ್ತು. ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂದು ನೇಮಕಾತಿ ನಿಯಮ 18(4) ಹೇಳುತ್ತಿತ್ತು. ಸಂವಿಧಾನದ ಮಾತಿಗೂ ಕಚೇರಿಯ ನಿಯಮಕ್ಕೂ ಇಷ್ಟು ನೇರವಾದ ವಿರೋಧವಿದ್ದರೂ ವರ್ಷಗಟ್ಟಲೆ ಅದು ಯಾರ ಕಣ್ಣಿಗೂ ಚುಚ್ಚಲಿಲ್ಲ.

ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು, ಮುಂದೆ ಘಾನಾಕ್ಕೂ ಹೋದರು. ಇಷ್ಟಾದ ಮೇಲೂ ಸೇವೆಯ ಮೊದಲ ದರ್ಜೆಗೆ ಬಡ್ತಿ ಕೊಡುವಾಗ ಅರ್ಹತೆ ಸಾಲದು ಎಂದು ಅವರನ್ನು ಬಿಟ್ಟರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಅವರಿಗೆ ಬಡ್ತಿ ಕೊಟ್ಟು ನೆದರ್ಲೆಂಡ್ಸ್‌ಗೆ ರಾಯಭಾರಿಯಾಗಿ ನೇಮಿಸಿತ್ತು. 8(2) ರದ್ದಾಗಿದೆ, 18(4) ರದ್ದಾಗುತ್ತಿದೆ ಎಂದೂ ನ್ಯಾಯಾಲಯಕ್ಕೆ ತಿಳಿಸಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಕೊಟ್ಟ ತೀರ್ಪು ಆ ಕಾರಣಕ್ಕೆ ಅರ್ಜಿಯನ್ನು ವಜಾ ಮಾಡಿತು. ಆದರೆ ಗಂಡಸಿಗೂ ಸಂಸಾರವಿರುತ್ತದೆ, ಅವನ ಮದುವೆಗಿಲ್ಲದ ಅಂಜಿಕೆ ಇವಳ ಮದುವೆಗೆ ಮಾತ್ರ ಏಕೆ ಎಂಬ ಪ್ರಶ್ನೆಯನ್ನು ಅದು ದಾಖಲೆಗೆ ಸೇರಿಸಿತು. ಒಂದು ಸಣ್ಣ ಸೂಚನೆಯನ್ನೂ ಕೊಟ್ಟಿತು: ಮೊದಲ ಮೌಲ್ಯಮಾಪನಕ್ಕೂ ಎರಡನೆಯದಕ್ಕೂ ನಡುವಿನ ಕೆಲವು ತಿಂಗಳಲ್ಲಿ ಕಿರಿಯರು ಇವರನ್ನು ದಾಟಿ ಮೇಲೆ ಹೋಗಿದ್ದಾರೆ, ಆದ್ದರಿಂದ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಿ.

ಈ ಕಡೆಯ ಸೂಚನೆಯೇ ನನಗೆ ಮುಖ್ಯ. ಕೆಲವು ತಿಂಗಳಲ್ಲಿ ಏನು ಕಳೆದುಹೋಯಿತು ಎಂದು ಕೇಳುವವರು ಜ್ಯೇಷ್ಠತಾ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ಬಡ್ತಿ ತಡವಾದರೆ ಮೇಲಿನ ಶ್ರೇಣಿಯ ಮೂಲವೇತನ ತಡವಾಗುತ್ತದೆ. ತುಟ್ಟಿಭತ್ಯೆ ಮೂಲವೇತನದ ಶೇಕಡಾವಾರು ಲೆಕ್ಕ, ಆದ್ದರಿಂದ ಅದೂ ತಗ್ಗುತ್ತದೆ. ಮುಂದಿನ ಬಡ್ತಿಗೆ ಇಷ್ಟು ವರ್ಷ ಸೇವೆ ಎಂಬ ನಿಯಮವಿದ್ದಲ್ಲಿ ಆ ವರ್ಷಗಳ ಎಣಿಕೆಯೂ ತಡವಾಗಿ ಶುರುವಾಗುತ್ತದೆ. ಹಳೆಯ ಪಿಂಚಣಿ ಪದ್ಧತಿಯಲ್ಲಿ ನಿವೃತ್ತಿಯ ಹೊತ್ತಿನ ವೇತನ ಪಿಂಚಣಿಗೆ ಆಧಾರವಾದ್ದರಿಂದ ಕೊನೆಯುಸಿರಿನ ತನಕ ಅದೇ ಕೊರತೆ ಹಿಂಬಾಲಿಸುತ್ತದೆ. ಒಂದೇ ವೇತನ ಶ್ರೇಣಿಯಿದ್ದೂ ಇಬ್ಬರ ಜೀವಮಾನದ ಗಳಿಕೆ ಬೇರೆಯಾಗುವುದು ಹೀಗೆ. ಸಮಾನ ವೇತನ ಒಂದು ಪ್ರಶ್ನೆ, ಬಡ್ತಿ ಇನ್ನೊಂದು ಪ್ರಶ್ನೆ ಎಂದು ವಿಂಗಡಿಸುವವರು ಈ ಲೆಕ್ಕವನ್ನು ಕೊನೆಯವರೆಗೆ ಮಾಡಿಲ್ಲ.

ಇದು ದೊಡ್ಡ ಅಧಿಕಾರಿಣಿಯೊಬ್ಬರ ಕಥೆ, ಕೂಲಿಯ ಹೆಣ್ಣಿಗೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಸಹಜ. ಆದರೆ ಮುಂಬೈನ ಔಷಧ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದ ಹೆಂಗಸರು ಇದೇ ಷರತ್ತಿನ ವಿರುದ್ಧ ಮುತ್ತಮ್ಮನವರಿಗಿಂತ ಮೊದಲೇ ಗೆದ್ದಿದ್ದರು. ಮದುವೆಯಾದ ಕೂಡಲೇ ಕೆಲಸ ಹೋಗುತ್ತದೆ ಎಂಬುದು ಅಲ್ಲಿಯ ನಿಯಮ. ಈ ಕೆಲಸ ತಂಡವಾಗಿ ಮಾಡುವಂಥದು, ಮದುವೆಯಾದವರು ಹೆಚ್ಚು ಗೈರುಹಾಜರಾಗುತ್ತಾರೆ ಎಂಬುದು ಕಂಪನಿಯ ವಾದ. 1965ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಿಧವೆಯರಿಗಿಂತ, ಅವಿವಾಹಿತೆಯರಿಗಿಂತ ವಿವಾಹಿತೆಯರು ಹೆಚ್ಚು ರಜೆ ಹಾಕುತ್ತಾರೆ ಎನ್ನಲು ಆಧಾರವಿಲ್ಲ, ಹೆರಿಗೆ ರಜೆಯೊಂದೇ ವ್ಯತ್ಯಾಸ, ಅದಕ್ಕೆ ಒಂದಿಷ್ಟು ಹೆಚ್ಚಿನ ಜನರನ್ನು ಇಟ್ಟುಕೊಂಡರೆ ತೀರಿತು ಎಂದಿತು. ಹೆಂಗಸರನ್ನು ಇಟ್ಟುಕೊಂಡರೆ ಮಾಲೀಕನಿಗೆ ಖರ್ಚು ಎಂಬ ಮಾತು ಇಂದಿಗೂ ಕೇಳುತ್ತದೆ. ಹೆರಿಗೆಗೆ ಖರ್ಚು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಖರ್ಚನ್ನು ಯಾರು ಹೊರಬೇಕು ಎಂಬುದು ಸಮಾಜ ತೀರ್ಮಾನಿಸುವ ವಿಷಯ. ಮುಂದಿನ ತಲೆಮಾರಿನ ಪ್ರಯೋಜನ ಎಲ್ಲರಿಗೂ, ಅದರ ಬೆಲೆ ಒಬ್ಬಳ ಬಡ್ತಿಗೆ ಎಂಬ ವ್ಯವಸ್ಥೆಯನ್ನು ನ್ಯಾಯ ಎನ್ನಲಾಗದು.

ಹೊಲಗದ್ದೆಗಳಲ್ಲಿ ಮುಚ್ಚಳಿಕೆ ಬೇಕಾಗಲೇ ಇಲ್ಲ, ನಮ್ಮ ಭಾಷೆಯಲ್ಲೇ ಅದು ಇತ್ತು. ಗಂಡಾಳು, ಹೆಣ್ಣಾಳು ಎಂಬ ಎರಡು ಪದಗಳು ಎರಡು ಕೂಲಿಗಳ ಹೆಸರೂ ಹೌದು. ಉಳುವುದು ಗಂಡಾಳಿನ ಕೆಲಸ, ನಾಟಿ ಮತ್ತು ಕಳೆ ಕೀಳುವುದು ಹೆಣ್ಣಾಳಿನದು. ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಾಗಿ ನಿಂತು ಹಿಂದೆ ಹಿಂದೆ ಸರಿಯುತ್ತ ಪೈರು ಊರುವುದು ಹಗುರ ಕೆಲಸ ಎಂದು ಯಾರೂ ಅಳೆದು ನೋಡಿ ತೀರ್ಮಾನಿಸಿದ್ದಲ್ಲ. ಅದನ್ನು ಹೆಂಗಸರು ಮಾಡುತ್ತಾರೆ, ಅವರ ದುಡಿಮೆ ಮನೆಯ ಮೇಲುಸಂಪಾದನೆ ಎಂದುಕೊಂಡದ್ದರಿಂದ ಅದು ಹಗುರವಾಯಿತು. 1974ರ ಕೊನೆಯಲ್ಲಿ ಮಹಿಳೆಯರ ಸ್ಥಾನಮಾನ ಕುರಿತ ರಾಷ್ಟ್ರೀಯ ಸಮಿತಿ ವರದಿ ಕೊಟ್ಟಿತು, ಮರುವರ್ಷ ಸುಗ್ರೀವಾಜ್ಞೆ ಬಂತು, 1976ರಲ್ಲಿ ಸಮಾನ ವೇತನ ಕಾಯ್ದೆಯಾಯಿತು. ಒಂದೇ ಕೆಲಸ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಒಂದೇ ವೇತನ ಎಂದಿತು ಕಾಯ್ದೆ. ಕೆಲಸವನ್ನೇ ಬೇರೆ ಎಂದು ಕರೆದರೆ ಕಾಯ್ದೆ ತಾಗುವುದಿಲ್ಲ ಎಂಬ ದಾರಿಯೂ ಅದೇ ಮಾತಿನಲ್ಲಿ ತೆರೆದುಕೊಂಡಿತು.

ಆ ದಾರಿಯಲ್ಲಿ ಹೋದವರು ಕಡಿಮೆಯಿಲ್ಲ. ಏರ್ ಇಂಡಿಯಾದ ಗಗನಸಖಿಯರು 35ಕ್ಕೆ ನಿವೃತ್ತರಾಗಬೇಕಿತ್ತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಆಗಲೇ ಕೆಲಸ ಹೋಗುತ್ತಿತ್ತು. 1981ರಲ್ಲಿ ಸುಪ್ರೀಂ ಕೋರ್ಟ್ ಗರ್ಭದ ಷರತ್ತನ್ನು ರದ್ದುಮಾಡಿತು, ಮದುವೆಯದನ್ನು ಉಳಿಸಿತು. ಗಗನಸಖಿಯರದು ಬೇರೆಯೇ ವರ್ಗ, ಅದೇ ವಿಮಾನದ ಗಂಡಸರೊಂದಿಗೆ ಹೋಲಿಸಲಾಗದು ಎಂಬ ವಾದವನ್ನೂ ಒಪ್ಪಿತು. ಮುತ್ತಮ್ಮ ಪ್ರಕರಣವಾಗಿ ಎರಡೇ ವರ್ಷಕ್ಕೆ ಬಂದ ಈ ತೀರ್ಪು ನನ್ನ ದೃಷ್ಟಿಯಲ್ಲಿ ಹಿನ್ನಡೆ. ಅದನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿದ್ದು ಮಂಡ್ಯ ಸೀಮೆಯಲ್ಲಿ ಹುಟ್ಟಿದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ 1987ರಲ್ಲಿ ಬರೆದ ತೀರ್ಪು. ಮೆಕಿನನ್ ಮೆಕೆಂಜಿ ಎಂಬ ಹಡಗು ವ್ಯವಹಾರದ ಕಂಪನಿಯಲ್ಲಿ ಹಿರಿಯ ಅಧಿಕಾರಿಗಳ ಜೊತೆ ಗೋಪ್ಯ ಸ್ಟೆನೋಗ್ರಾಫರ್ ಆಗಿದ್ದ ಮಹಿಳೆಯರಿಗೆ ಗಂಡಸು ಸ್ಟೆನೋಗಳಿಗಿಂತ ಕಡಿಮೆ ಸಂಬಳವಿತ್ತು. ಇವರದು ಬೇರೆ ವರ್ಗ, ಯೂನಿಯನ್ ಕೂಡ ಒಪ್ಪಂದಕ್ಕೆ ಸಹಿ ಹಾಕಿದೆ, ನಮಗೆ ಕೊಡಲು ಶಕ್ತಿಯಿಲ್ಲ ಎಂದು ಕಂಪನಿ ವಾದಿಸಿತು. ಹೆಸರು ಏನೇ ಇರಲಿ, ಮಾಡುವ ಕೆಲಸ ನೋಡಬೇಕು, ಒಪ್ಪಂದ ಕಾಯ್ದೆಯನ್ನು ಮೀರಲಾರದು, ಶಕ್ತಿಯಿಲ್ಲ ಎಂಬುದು ನೆವವಾಗದು ಎಂದು ತೀರ್ಪು ಬಂತು. ಯೂನಿಯನ್ನಿನ ಸಹಿಯ ಮಾತನ್ನು ಗಮನಿಸಬೇಕು. ಗಂಡಸರೇ ತುಂಬಿದ್ದ ಕಾರ್ಮಿಕ ಚಳವಳಿಯೂ ಹೆಂಗಸಿನ ಸಂಬಳವನ್ನು ಮೇಲುಸಂಪಾದನೆ ಎಂದೇ ಎಷ್ಟೋ ಬಾರಿ ಕಂಡಿತ್ತು.

ನಿಯಮಗಳೆಲ್ಲ ಹೋದವು, ಈಗ ಉಳಿದಿರುವುದು ಹೆಂಗಸರ ಸ್ವಂತ ಆಯ್ಕೆ ಎನ್ನುವವರಿದ್ದಾರೆ. ನಿಯಮಗಳು ಹೋದದ್ದು ಅವರು ನೆನೆಯುವುದಕ್ಕಿಂತ ಬಹಳ ತಡವಾಗಿ. ಸೈನ್ಯದ ನರ್ಸಿಂಗ್ ಸೇವೆಯ ಅಧಿಕಾರಿಯೊಬ್ಬರನ್ನು ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸದಿಂದ ತೆಗೆದಿದ್ದರು. ಆ ನಿಯಮ ರದ್ದಾದದ್ದು 1995ರಲ್ಲಿ. 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ. ಆಯ್ಕೆ ಎಂಬ ಮಾತಿಗೆ ಅರ್ಥ ಬರುವುದು ಗಂಡಸಿಗೂ ಅದೇ ಆಯ್ಕೆ ಎದುರಾದಾಗ. ಮದುವೆಯೋ ಕೆಲಸವೋ ಎಂದು ಯಾವ ನಿಯಮವೂ ಅವನನ್ನು ಕೇಳಿರಲಿಲ್ಲ.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಯಲ್ಲಿ ನಿರುಪಮಾ ರಾವ್ ಇದ್ದರು, ಆ ಕುರ್ಚಿಗೆ ಬಂದ ಎರಡನೆಯ ಮಹಿಳೆ. ಇತ್ತ 1976ರ ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾಗಿ, ನೇಮಕಾತಿಯ ನಂತರದ ಬಡ್ತಿ, ತರಬೇತಿ, ವರ್ಗಾವಣೆಗಳಲ್ಲೂ ಭೇದ ಮಾಡಕೂಡದು ಎಂಬ ಮಾತು ಸೇರಿತ್ತು. ಸಂಬಳವೂ ಬಡ್ತಿಯೂ ಒಂದೇ ಪ್ರಶ್ನೆ ಎಂದು ಕಾನೂನು ಕೊನೆಗೂ ಒಪ್ಪಿಕೊಂಡ ಜಾಗ ಅದು. ಆ ಕಾಯ್ದೆಯ ಜಾಗಕ್ಕೆಂದು 2019ರಲ್ಲಿ ಮಾಡಿದ ವೇತನ ಸಂಹಿತೆಯಲ್ಲಿ ವೇತನದ ಮಾತಿದೆ, ನೇಮಕಾತಿಯ ಮಾತಿದೆ. ಬಡ್ತಿ, ತರಬೇತಿ, ವರ್ಗಾವಣೆ ಎಂಬ ಮೂರು ಪದಗಳು ಭೇದವನ್ನು ನಿಷೇಧಿಸುವ ಅದರ ಸೆಕ್ಷನ್‌ನಲ್ಲಿ ಇಲ್ಲ. ಸರ್ಕಾರಿ ನೌಕರಳು 16ನೇ ವಿಧಿಯನ್ನು ಹಿಡಿದು ಕೋರ್ಟಿಗೆ ಹೋಗಬಹುದು. ಖಾಸಗಿ ಕಾರ್ಖಾನೆಯ, ಖಾಸಗಿ ಕಚೇರಿಯ ಹೆಣ್ಣುಮಗಳಿಗೆ ಆ ವಿಧಿ ಅನ್ವಯಿಸುವುದಿಲ್ಲ.