ಮತವಿಲ್ಲದವರು ಮಿತ್ರರನ್ನು ಗಳಿಸಿದ ಬಗೆ

ಮತವಿಲ್ಲದವನಿಗೆ ಮಾತಿಲ್ಲವೆಂಬುದು ಪ್ರಜಾಪ್ರಭುತ್ವದ ಬರೆಯದ ಕಟ್ಟಳೆ. ಶಾಸನಸಭೆಯ ಸದಸ್ಯನು ಕಿವಿಗೊಡುವುದು ತನ್ನನ್ನು ಆರಿಸುವವರಿಗೆ. ಆರಿಸಲಾರದವನ ಅಳಲು ಅವನ ಬಾಗಿಲವರೆಗೆ ಹೋದರೂ ಹೊಸಿಲು ದಾಟುವುದು ಅಪರೂಪ. ಹೀಗಿರುವಾಗ ಮತವೂ ಇಲ್ಲದ, ಹಣವೂ ಇಲ್ಲದ, ಕಡೆಗೆ ತಾವು ಅಲ್ಲಿರಬಹುದೆಂದು ಹೇಳುವ ಒಂದು ಕಾಗದವೂ ಇಲ್ಲದ ಎಳೆಯರು ಜಗತ್ತಿನ ಬಲಿಷ್ಠ ರಾಷ್ಟ್ರವೊಂದರ ಸರಕಾರದಿಂದ ತಮಗೆ ಬೇಕಾದುದರಲ್ಲಿ ಒಂದು ಪಾಲನ್ನು ಪಡೆದರೆಂದರೆ, ಇತಿಹಾಸದ ವಿದ್ಯಾರ್ಥಿಯಾದವನು ನಿಂತು ನೋಡಲೇಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಳೆದ ನಾಲ್ಕೈದು ದಶಕಗಳಿಂದ ನಡೆದುಬಂದಿರುವ ಆ ಕಥೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಈ ಎಳೆಯರು ಯಾರು? ತಂದೆತಾಯಿಗಳ ಸೊಂಟವೇರಿಯೋ ಕೈಹಿಡಿದೋ ಮೆಕ್ಸಿಕೊ, ಗ್ವಾಟೆಮಾಲಾ, ಕೊರಿಯಾ, ಫಿಲಿಪೀನ್ಸ್, ಭಾರತ ಮೊದಲಾದ ದೇಶಗಳಿಂದ ಬಂದವರು. ಕೆಲವರು ಕಳ್ಳದಾರಿಯಲ್ಲಿ ಗಡಿ ದಾಟಿದರು. ಕೆಲವರು ವೀಸಾ ಹಿಡಿದು ಬಂದು, ಅದರ ಅವಧಿ ತೀರಿದ ಮೇಲೂ ನಿಂತರು. ಮಕ್ಕಳು ಅಲ್ಲಿಯೇ ಅಕ್ಷರ ಕಲಿತರು, ಅಲ್ಲಿನ ಧ್ವಜಕ್ಕೇ ವಂದಿಸಿದರು. ವಾಹನ ನಡೆಸುವ ಪರವಾನಗಿಗೋ ಕಾಲೇಜಿನ ಅರ್ಜಿಗೋ ಒಂದು ಸಂಖ್ಯೆಯನ್ನು ಬರೆಯಬೇಕಾಗಿ ಬಂದ ದಿನ, ತಾನು ಈ ನೆಲಕ್ಕೆ ಸೇರಿದವನಲ್ಲವೆಂಬ ಸುದ್ದಿ ಅವರಲ್ಲಿ ಹಲವರಿಗೆ ಮೊದಲ ಬಾರಿ ತಿಳಿಯಿತು.

ಕಥೆಯ ಮೊದಲ ಅಂಕ ಟೆಕ್ಸಾಸಿನದು. 1975ರಲ್ಲಿ ಆ ಸಂಸ್ಥಾನವು, ಕಾನೂನಿನ ಸಮ್ಮತಿಯಿಲ್ಲದೆ ಬಂದ ಮಕ್ಕಳ ವಿದ್ಯಾಭ್ಯಾಸಕ್ಕೆ ಸರಕಾರದ ಹಣ ಕೊಡಬೇಕಾದದ್ದಿಲ್ಲವೆಂದು ಕಾಯಿದೆ ಮಾಡಿತು. 1977ರಲ್ಲಿ ಟೈಲರ್ ಎಂಬ ಊರಿನ ಶಾಲಾಮಂಡಲಿ ಇಂಥ ಪ್ರತಿಯೊಂದು ಮಗುವಿಗೂ ವರ್ಷಕ್ಕೆ 1000 ಡಾಲರ್ ಶುಲ್ಕ ವಿಧಿಸಿತು. ಕೂಲಿನಾಲಿ ಮಾಡುವವರು ಎಲ್ಲಿಂದ ತಂದಾರು? ನಾಲ್ಕು ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ತಾವೇ ಹೋಗಿ ನ್ಯಾಯಾಧೀಶರ ಮುಂದೆ ನಿಂತರೆ ಅಲ್ಲಿಂದಲೇ ಗಡೀಪಾರು ಮಾಡಬಹುದೆಂಬ ಭಯ ಅವರಿಗಿದ್ದಿತು. ಮನೆಯ ಸಾಮಾನುಗಳನ್ನೆಲ್ಲ ಕಾರಿನಲ್ಲಿ ತುಂಬಿಕೊಂಡೇ ಬಂದವರಿದ್ದರು. ನ್ಯಾಯಾಧೀಶ ವಿಲಿಯಂ ವೇನ್ ಜಸ್ಟಿಸ್ ಅವರು ವಿಚಾರಣೆಯನ್ನು ಮುಂಜಾನೆಯೇ ಇಟ್ಟು, ಹೆಸರು ಮರೆಸಿ ದಾವೆ ಹೂಡಲು ಅವಕಾಶವಿತ್ತರು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1982ರ ಜೂನ್ 15ರಂದು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನನ್. ಸಮಾನ ರಕ್ಷಣೆಯನ್ನು ಸಂವಿಧಾನ ಕೊಟ್ಟಿರುವುದು ಪ್ರಜೆಗಳಿಗೆ ಮಾತ್ರವಲ್ಲ, ಆ ನೆಲದ ಮೇಲಿರುವ ವ್ಯಕ್ತಿಗಳಿಗೆಲ್ಲ. ಹಿರಿಯರ ತಪ್ಪಿಗೆ ಮಕ್ಕಳಿಂದ ದಂಡ ತೆರಿಸುವುದು ನ್ಯಾಯವಲ್ಲ ಎಂಬುದು ಅದರ ಸಾರ.

ಶಾಲೆಯ ಬಾಗಿಲು ತೆರೆಯಿತು, ನಿಜ. ಆದರೆ ಅದು ಹನ್ನೆರಡನೆಯ ತರಗತಿಯವರೆಗೆ ಮಾತ್ರ. ಅಲ್ಲಿಂದಾಚೆಗೆ ಕಾಲೇಜೂ ದುಬಾರಿ, ಕೆಲಸವೂ ಕಾನೂನುಬಾಹಿರ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಮಂದಿಗೆ ಸಕ್ರಮ ನೆಲೆ ದೊರೆತರೂ, ಆಮೇಲೆ ಬಂದವರ ಮಕ್ಕಳು ಹಾಗೆಯೇ ಉಳಿದರು. ಹೊಲಿಗೆ ಹಾಕಿದ್ದು ಅರ್ಧ ಅಂಗಿಗೆ.

ಉಳಿದರ್ಧಕ್ಕೆ ದಾರ ಪೋಣಿಸಿದವಳು ಒಬ್ಬ ಸಂಗೀತ ಶಿಕ್ಷಕಿಯೆಂದರೆ ಅತಿಶಯೋಕ್ತಿಯಲ್ಲ. ಕೊರಿಯಾದ ತಂದೆತಾಯಿಗಳಿಗೆ ಬ್ರೆಜಿಲಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಬೆಳೆದ ಟೆರೇಸಾ ಲೀ ಎಂಬ ಹುಡುಗಿ ಪಿಯಾನೊ ವಾದನದಲ್ಲಿ ಅಸಾಧಾರಣಳು. ದೊಡ್ಡ ಸಂಗೀತಶಾಲೆಗಳಿಗೆ ಅರ್ಜಿ ಹಾಕೆಂದು ಶಿಕ್ಷಕಿ ಒತ್ತಾಯಿಸಿದಾಗ ಗುಟ್ಟು ಹೊರಬಿತ್ತು. ವಿಷಯವು ಇಲಿನಾಯ್ ಸಂಸ್ಥಾನದ ಸೆನೆಟರ್ ರಿಚರ್ಡ್ ಡರ್ಬಿನ್ ಅವರ ಕಚೇರಿಯನ್ನು ಮುಟ್ಟಿತು. ಇರುವ ಕಾನೂನಿನಲ್ಲಿ ದಾರಿಯೇ ಇಲ್ಲವೆಂದು ಕಂಡುಬಂದುದರಿಂದ ಹೊಸ ಕಾನೂನಿನ ಯೋಚನೆ ಹುಟ್ಟಿತು. 2001ರ ಆಗಸ್ಟ್ 1ರಂದು ಡೆಮೊಕ್ರಾಟ್ ಪಕ್ಷದ ಡರ್ಬಿನ್ ಮತ್ತು ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಇಬ್ಬರೂ ಜೊತೆಗೂಡಿ ಮಂಡಿಸಿದ ಆ ಮಸೂದೆಗೆ, ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳಿಂದ, 'ಡ್ರೀಮ್' ಎಂಬ ಹೆಸರು ಬಂತು. ಕನಸು ಎಂದು ಅರ್ಥ. ಅದರ ವಿಚಾರಣೆ ನಿಗದಿಯಾದದ್ದು ಸೆಪ್ಟೆಂಬರ್ 12ಕ್ಕೆ. ಹಿಂದಿನ ದಿನ ನ್ಯೂಯಾರ್ಕಿನ ಗೋಪುರಗಳು ಉರುಳಿದುದನ್ನು ನಾನು ಹೇಳಬೇಕಾಗಿಲ್ಲ. ವಿಚಾರಣೆ ನಡೆಯಲಿಲ್ಲ; ಪರದೇಶಿ ಎಂಬ ಮಾತಿಗೇ ಆ ದೇಶದಲ್ಲಿ ಬೇರೆ ಅರ್ಥ ಬಂತು.

ಆದರೂ ಮಿತ್ರರು ಒಬ್ಬೊಬ್ಬರಾಗಿ ಬಂದರು. ವಲಸೆಗಾರರಿಂದ ಕೂಲಿಯ ದರ ಇಳಿಯುವುದೆಂದು ನಂಬಿ, ಅಂಥವರನ್ನು ಕೆಲಸಕ್ಕಿಟ್ಟ ಧಣಿಗಳಿಗೆ ದಂಡ ವಿಧಿಸಬೇಕೆಂದು 1986ರಲ್ಲಿ ಹೇಳಿದ್ದ ಕಾರ್ಮಿಕ ಸಂಘಗಳ ಮಹಾಮಂಡಲ 2000ದಲ್ಲಿ ತನ್ನ ನಿಲುವನ್ನು ತಿರುಗಿಸಿತು. ಹೆದರಿದ ಕೂಲಿಯವನೇ ಅಗ್ಗದ ಕೂಲಿಯವನೆಂಬ ಸತ್ಯ ಅದಕ್ಕೆ ಅನುಭವದಿಂದ ಗೊತ್ತಾಗಿತ್ತು. 2005ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆ ಒಪ್ಪಿದ ಕಠೋರ ಮಸೂದೆಯೊಂದು ಕಾಗದವಿಲ್ಲದವರಿಗೆ ನೆರವಾದವರನ್ನೂ ಅಪರಾಧಿಗಳನ್ನಾಗಿ ಮಾಡುವಂತಿದ್ದಾಗ, ಲಾಸ್ ಏಂಜಲೀಸಿನ ಕಾರ್ಡಿನಲ್ ರೋಜರ್ ಮಹೋನಿ, ಅಂಥ ಕಾನೂನನ್ನು ಪಾಲಿಸಬೇಡಿರೆಂದು ತಮ್ಮ ಪಾದ್ರಿಗಳಿಗೆ ತಿಳಿಸಿದರು. 2006ರ ವಸಂತದಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಆ ಕಠೋರ ಮಸೂದೆ ಸತ್ತಿತು. ಆದರೆ ಕನಸಿನ ಮಸೂದೆಯೂ ಬದುಕಲಿಲ್ಲ. 2007ರಲ್ಲಿ ಸೆನೆಟ್ಟಿನಲ್ಲಿ ಚರ್ಚೆಗೆತ್ತಿಕೊಳ್ಳಲು 60 ಮತ ಬೇಕಾಗಿದ್ದೆಡೆ ಬಂದದ್ದು 52.

ಇಷ್ಟನ್ನು ನನ್ನ ಮಿತ್ರರೊಬ್ಬರಿಗೆ ಹೇಳುತ್ತಿದ್ದಾಗ ಅವರು ತಡೆದು, "ಅಲ್ಲ ಸ್ವಾಮಿ, ನಿಯಮ ಮೀರಿ ಬಂದವರಿಗೆ ಇಷ್ಟು ಕನಿಕರವಾದರೆ, ನಿಯಮದಂತೆ ಸಾಲಿನಲ್ಲಿ ನಿಂತವರೇನು ಮೂರ್ಖರೆ?" ಎಂದು ಕೇಳಿದರು. ಪ್ರಶ್ನೆ ಹಗುರವಾದದ್ದಲ್ಲ. ಅಮೆರಿಕದ ಕೋಟ್ಯಂತರ ಜನರ ಮನಸ್ಸಿನಲ್ಲಿದ್ದದ್ದೂ ಇದೇ. ಇದಕ್ಕೆ ಚಳವಳಿಗಾರರು ಕಂಡುಕೊಂಡ ಉತ್ತರ, ಮಕ್ಕಳು ತಾವಾಗಿ ಬಂದವರಲ್ಲ, ಅವರದೇನೂ ತಪ್ಪಿಲ್ಲ, ನೋಡಿ ಎಷ್ಟು ಜಾಣರು, ಎಂಬುದು. ಪದವೀಧರರ ಟೋಪಿ ಮತ್ತು ನಿಲುವಂಗಿ ಅವರ ಸಮವಸ್ತ್ರವಾಯಿತು. ಈ ಉತ್ತರ ಬಹಳ ಕೆಲಸ ಮಾಡಿತು. ಶಿಕ್ಷಕರು, ಕುಲಪತಿಗಳು, ವ್ಯಾಪಾರಸ್ಥರು ಇದಕ್ಕೆ ತಲೆದೂಗಿದರು. ಆದರೆ ಮಗನಲ್ಲಿ ತಪ್ಪಿಲ್ಲವೆಂದರೆ ತಪ್ಪೆಲ್ಲ ತಾಯಿಯದೆಂದಾಯಿತಲ್ಲವೆ? ತರಗತಿಯಲ್ಲಿ ಮೊದಲಿಗನಲ್ಲದ, ಹೊಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನ ಗತಿಯೇನು? ಮಿತ್ರರನ್ನು ಗಳಿಸುವ ಮಾತೇ ಮನೆಯವರನ್ನು ಬಿಟ್ಟುಕೊಡುವ ಮಾತೂ ಆಗಿತ್ತು. ಇದನ್ನು ಮೊದಲು ಕಂಡುಕೊಂಡವರು ಆ ಎಳೆಯರೇ. ಕೆಲವೇ ವರ್ಷಗಳಲ್ಲಿ ಅವರು ಆ ಮಾತನ್ನು ಕೈಬಿಟ್ಟು, ಮೊದಲು ಕನಸು ಕಂಡವರು ನಮ್ಮ ಹೆತ್ತವರೇ ಎಂದು ಸಾರತೊಡಗಿದರು.

2010 ಈ ಇತಿಹಾಸದ ತಿರುವು. ಅದುವರೆಗೆ ಅವರ ಪರವಾಗಿ ಇತರರು ಮಾತನಾಡುತ್ತಿದ್ದರು. ಈಗ ಅವರೇ ಬಾಯಿಬಿಟ್ಟರು. ಆ ವರ್ಷದ ಮೊದಲ ದಿನ ನಾಲ್ವರು ವಿದ್ಯಾರ್ಥಿಗಳು ಮಯಾಮಿಯಿಂದ ವಾಷಿಂಗ್ಟನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸುಮಾರು 1500 ಮೈಲಿಗಳ ಹಾದಿ. ವಸಂತದಲ್ಲಿ ಮುಟ್ಟಿದರು. ಮಾರ್ಚ್ 10ರಂದು ಷಿಕಾಗೋದ ಚೌಕವೊಂದರಲ್ಲಿ ತರುಣರು ಒಬ್ಬೊಬ್ಬರಾಗಿ ನಿಂತು, ತಮ್ಮ ಬಳಿ ಕಾಗದವಿಲ್ಲ, ಭಯವೂ ಇಲ್ಲ ಎಂದು ಘೋಷಿಸಿದರು. ಮೇ 17ರಂದು ಐವರು ನಿಲುವಂಗಿ ತೊಟ್ಟು ಆರಿಜೋನಾದಲ್ಲಿ ಸೆನೆಟರ್ ಮೆಕೇನ್ ಅವರ ಕಚೇರಿಯಲ್ಲಿ ಕುಳಿತು ಬಂಧನಕ್ಕೊಳಗಾಗಲು ಸಿದ್ಧರಾದರು. 1954ರಲ್ಲಿ ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಬೇರೆ ಬೇರೆ ಶಾಲೆಯೆಂಬುದು ಸಲ್ಲದೆಂದು ತೀರ್ಪಾದದ್ದು ಅದೇ ದಿನ. ಕಾಲ್ನಡಿಗೆ, ಧರಣಿ, ತಾನಾಗಿ ಕೈಕೋಳಕ್ಕೆ ಕೈಯೊಡ್ಡುವುದು: ದಂಡಿಯ ಹಾದಿಯನ್ನು ಬಲ್ಲ ನಮಗೆ ಈ ಭಾಷೆ ಅಪರಿಚಿತವಲ್ಲ.

ಡಿಸೆಂಬರ್ 8ರಂದು ಪ್ರತಿನಿಧಿ ಸಭೆ ಮಸೂದೆಯನ್ನು 216ಕ್ಕೆ 198 ಮತಗಳಿಂದ ಒಪ್ಪಿತು. ಡಿಸೆಂಬರ್ 18ರಂದು ಸೆನೆಟ್ಟಿನಲ್ಲಿ 55 ಮತ ಬಂತು. ಐದು ಸಾಲದೆ ಬಿದ್ದುಹೋಯಿತು. ಮೊದಲ ಬಾರಿ ಮಸೂದೆಯನ್ನು ಮಂಡಿಸಿದ್ದ ಹ್ಯಾಚ್ ಆ ದಿನ ಮತ ಹಾಕಲಿಲ್ಲ. ಮಿತ್ರತ್ವವೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ.

ಸೋತವರು ಸುಮ್ಮನಾಗಲಿಲ್ಲ. ಅವರು ಹಿಡಿದ ಇನ್ನೊಂದು ದಾರಿ ನನಗೆ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ. ಒಬ್ಬ ವಿದ್ಯಾರ್ಥಿಗೆ ಗಡೀಪಾರಿನ ಆಜ್ಞೆ ಬಂದರೆ ಅವನ ಸಹಪಾಠಿಗಳು, ಮುಖ್ಯೋಪಾಧ್ಯಾಯರು, ಚರ್ಚಿನವರು, ನೆರೆಹೊರೆಯವರು ಅರ್ಜಿಗೆ ಸಹಿ ಹಾಕುವರು. ಆ ಪ್ರದೇಶದ ಸಂಸದನ ಕಚೇರಿಗೆ ಎಡೆಬಿಡದೆ ಫೋನು ಮಾಡುವರು. ಅಧಿಕಾರಿಗಳು ಬೇಸತ್ತು ಆ ಒಬ್ಬನ ಮಟ್ಟಿಗೆ ಗಡೀಪಾರನ್ನು ಮುಂದೂಡುವರು. ಹೀಗೆ ಒಂದಲ್ಲ, ಹಲವು. ಹನಿಗೂಡಿ ಹಳ್ಳ. ಒಬ್ಬೊಬ್ಬರಿಗಾಗಿ ಮುಂದೂಡಬಹುದಾದುದನ್ನು ಎಲ್ಲರಿಗೂ ಏಕೆ ಮುಂದೂಡಬಾರದು ಎಂಬ ಪ್ರಶ್ನೆ ಆಗ ತಾನಾಗಿ ಎದ್ದಿತು. 2012ರ ಮೇ ತಿಂಗಳಲ್ಲಿ ತೊಂಬತ್ತಕ್ಕೂ ಮಿಕ್ಕ ಕಾನೂನು ಪ್ರಾಧ್ಯಾಪಕರು, ಅಧ್ಯಕ್ಷರಿಗೆ ಈ ಅಧಿಕಾರ ಉಂಟೆಂದು ಪತ್ರ ಬರೆದರು. ಜೂನ್ 15ರಂದು ಅಧ್ಯಕ್ಷ ಒಬಾಮ ಅದನ್ನೇ ಪ್ರಕಟಿಸಿದರು. ಟೆಕ್ಸಾಸಿನ ಮಕ್ಕಳ ತೀರ್ಪಿಗೆ ಅಂದಿಗೆ ಸರಿಯಾಗಿ 30 ವರ್ಷ.

ಹದಿನಾರು ತುಂಬುವ ಮುನ್ನ ಬಂದಿದ್ದು, 2007ರ ಜೂನ್ 15ರಿಂದ ಅಲ್ಲಿಯೇ ನೆಲೆಸಿದ್ದವರಿಗೆ ಎರಡೆರಡು ವರ್ಷ ಗಡೀಪಾರಿನಿಂದ ಬಿಡುವು, ದುಡಿಯುವ ಪರವಾನಗಿ. ಪೌರತ್ವವಲ್ಲ, ಬರಿಯ ಬಿಡುವು. ಆದರೂ 8 ಲಕ್ಷಕ್ಕೂ ಹೆಚ್ಚು ಮಂದಿ ಇದರಿಂದ ತಲೆಯೆತ್ತಿ ನಡೆದರು. 2017ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸರಕಾರ ಇದನ್ನು ನಿಲ್ಲಿಸಹೊರಟಾಗ ಮಿತ್ರಬಲದ ಅಳತೆ ತಿಳಿಯಿತು. ಆಪಲ್ ಮೊದಲಾದ ದೊಡ್ಡ ಕಂಪನಿಗಳೂ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ತರುಣರ ಪರ ನಿಂತವು. ಮುಖ್ಯ ದಾವೆ ಹೂಡಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಆಗ ಅದರ ಅಧ್ಯಕ್ಷೆಯಾಗಿದ್ದ ಜಾನೆಟ್ ನಪಾಲಿಟಾನೊ ಅವರೇ 2012ರಲ್ಲಿ ಮಂತ್ರಿಣಿಯಾಗಿ ಆ ಆಜ್ಞೆಗೆ ಸಹಿ ಹಾಕಿದ್ದವರು. 2020ರ ಜೂನ್ 18ರಂದು ಐವರಿಗೆ ನಾಲ್ವರಂತೆ, ನಿಲ್ಲಿಸಿದ ರೀತಿ ಸರಿಯಲ್ಲವೆಂದು ತೀರ್ಪಾಯಿತು.

ಇಲ್ಲಿ ನಮ್ಮವರ ಎರಡು ನೆನಪುಗಳು ಬರುತ್ತವೆ. ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅನರ್ಹರೆಂದು 1923ರಲ್ಲಿ ಭಗತ್ ಸಿಂಗ್ ತಿಂದ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಮತವಿಲ್ಲದ ಆ ಕೆಲವೇ ಸಾವಿರ ಮಂದಿಯ ಪರವಾಗಿ ನ್ಯೂಯಾರ್ಕಿನ ವರ್ತಕ ಜೆ. ಜೆ. ಸಿಂಗ್ ಎರಡೂ ಪಕ್ಷಗಳ ಬಾಗಿಲು ತಟ್ಟಿ, 1946ರಲ್ಲಿ ಪೌರತ್ವದ ಹಕ್ಕು ದೊರೆಯುವಂತೆ ದುಡಿದರು. ಹತ್ತು ವರ್ಷ ಕಳೆದ ಮೇಲೆ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಅಲ್ಲಿನ ಪ್ರತಿನಿಧಿ ಸಭೆಗೇ ಆರಿಸಿಬಂದರು. ಇನ್ನೊಂದು ಇಂದಿನದು. ಬೆಂಗಳೂರು, ಮೈಸೂರುಗಳಿಂದಲೂ ಉದ್ಯೋಗದ ವೀಸಾ ಹಿಡಿದು ಹೋದವರ ಮಕ್ಕಳು ಅಲ್ಲಿ ಸಕ್ರಮವಾಗಿಯೇ ಬೆಳೆದು, ತಂದೆತಾಯಿಗಳ ಸರದಿ ಬರುವ ಮುನ್ನ 21 ತುಂಬಿದರೆ ನೆಲೆ ಕಳೆದುಕೊಳ್ಳುತ್ತಾರೆ. 2012ರ ಆಜ್ಞೆ ಅವರಿಗೆ ಒದಗಲಿಲ್ಲ. ಕಾರಣ, ಅವರ ಬಳಿ ಕಾಗದವಿದ್ದಿತು! ಸಾಲಿನಲ್ಲಿ ನಿಂತವರ ಮಾತೆತ್ತಿದ ನನ್ನ ಮಿತ್ರರಿಗೆ ನಾನು ಕೊಟ್ಟ ಉತ್ತರ ಇದೇ. ಸಾಲಿನಲ್ಲಿ ನಿಂತವನ ಮಗನೂ ಸಾಲಿಲ್ಲದವನ ಮಗನೂ ಕಡೆಗೆ ಒಂದೇ ಬಾಗಿಲಿನ ಹೊರಗೆ ನಿಂತಿದ್ದಾರೆ. ಅವರು ಪರಸ್ಪರ ಶತ್ರುಗಳಲ್ಲ.

ಕಥೆ ಮುಗಿದಿಲ್ಲ, ಮಂಗಳ ಹಾಡುವಂತೆಯೂ ಇಲ್ಲ. 2021ರಿಂದ ನ್ಯಾಯಾಲಯಗಳ ಆಜ್ಞೆಯಿಂದಾಗಿ ಹೊಸಬರ ಅರ್ಜಿ ಮಂಜೂರಾಗುತ್ತಿಲ್ಲ. ಇಂಥ ವಿದ್ಯಾರ್ಥಿಗಳಿಗೆ ಸ್ಥಳೀಯರ ಶುಲ್ಕದಲ್ಲೇ ಕಾಲೇಜು ಕಲಿಸಲು 2001ರಲ್ಲಿ ಮುಂದಾದ ಟೆಕ್ಸಾಸಿನಲ್ಲಿ, 2025ರ ಜೂನ್ 4ರಂದು, ಕೇಂದ್ರ ಸರಕಾರ ಹೂಡಿದ ದಾವೆಗೆ ಸಂಸ್ಥಾನವೇ ತಲೆಬಾಗಿ ಅದೇ ದಿನ ಆ ಸವಲತ್ತು ರದ್ದಾಯಿತು. 24 ವರ್ಷದ ಗಳಿಕೆ ಒಂದು ಹಗಲಿನಲ್ಲಿ ಹೋಯಿತು. ಅಂದಿನ ಎಳೆಯರು ಇಂದು ಎಳೆಯರಲ್ಲ. ಅನೇಕರು ತಾವೇ ತಂದೆತಾಯಿಗಳಾಗಿದ್ದಾರೆ. ಅವರ ಮಕ್ಕಳು ಅಲ್ಲಿಯೇ ಹುಟ್ಟಿ ಪ್ರಜೆಗಳಾದವರು. ಹದಿನೆಂಟು ತುಂಬಿದಾಗ ಮತ ಹಾಕುವವರು. ಹೆತ್ತವರಿಗೆ ಮಾತು ಕೊಡಬಲ್ಲ ಆ ಮತಕ್ಕಾಗಿ ಇನ್ನೆಷ್ಟು ಮಂದಿ, ಎರಡೆರಡು ವರ್ಷದ ಕಾಗದವನ್ನು ಹಿಡಿದು, ಕಾಯಬೇಕೋ!