ಅಹಮದಾಬಾದಿನ ಪಂಜರದಿಂದ ಹೊರಟ ಕೆಂಪು ಹಕ್ಕಿ

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಸೂರತ್ತಿನ ಬಂದರಿನಿಂದ ಪಶ್ಚಿಮಕ್ಕೆ ಹೊರಡುತ್ತಿದ್ದ ಹಡಗುಗಳ ಒಡಲಲ್ಲಿ ನೀಲಿಯೂ ಹತ್ತಿಬಟ್ಟೆಯೂ ತುಂಬಿರುತ್ತಿದ್ದುವೆಂಬುದನ್ನು ನಮ್ಮ ಇತಿಹಾಸದ ಪುಸ್ತಕಗಳೆಲ್ಲವೂ ಹೇಳುತ್ತವೆ. ಆದರೆ ಅದೇ ಪಟ್ಟಣಕ್ಕೆ ಅಹಮದಾಬಾದಿನಿಂದ ಪಂಜರಗಳಲ್ಲಿ ಬರುತ್ತಿದ್ದ, ಗುಬ್ಬಚ್ಚಿಗಿಂತಲೂ ಚಿಕ್ಕದಾದ ಒಂದು ಹಕ್ಕಿಯ ವಿಚಾರವನ್ನು ಹೇಳುವವರು ವಿರಳ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ 1673ರಲ್ಲಿ ಇಂಡಿಯಾಕ್ಕೆ ಬಂದ ಜಾನ್ ಫ್ರಾಯರನು ಅದನ್ನು ಕಂಡು ಬೆರಗಾದನು. ಬಿಳುಪು ಕೆಂಪುಗಳ ಸಣ್ಣ ಚುಕ್ಕೆಗಳನ್ನು ಮೈತುಂಬ ಹೊತ್ತ ಈ ಹಕ್ಕಿಗಳನ್ನು ಒಂದೊಂದು ಪಂಜರದಲ್ಲಿ ಐವತ್ತರಂತೆ ಇಟ್ಟಿದ್ದರೆಂದೂ, ಅವುಗಳಲ್ಲಿ ಒಂದು ಮೊದಲು ಸ್ವರವೆತ್ತಿದೊಡನೆ ಉಳಿದುವು ಅದಕ್ಕೆ ದನಿಗೂಡಿಸುತ್ತಿದ್ದುವೆಂದೂ ಅವನು 1698ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ನಮ್ಮ ಕಾರವಾರದಲ್ಲಿ ತಂಗಿ ಗೋಕರ್ಣದ ಜಾತ್ರೆಯನ್ನೂ ನೋಡಿಬಂದ ಈ ಫ್ರಾಯರನ ಕಣ್ಣು ಕೋಟೆಕೊತ್ತಲಗಳನ್ನು ನೋಡುವಷ್ಟೇ ಶ್ರದ್ಧೆಯಿಂದ ಒಂದು ಪುಟ್ಟ ಪಂಜರವನ್ನೂ ನೋಡಿತೆಂಬುದು ನನಗೆ ಅವನ ಮೇಲಿನ ಗೌರವವನ್ನು ಹೆಚ್ಚಿಸಿದೆ.

ಆ ಹಕ್ಕಿ ಯಾವುದೆಂದರೆ ಕನ್ನಡ ನಾಡಿನ ಕೆರೆಯಂಚಿನ ಜೊಂಡಿನಲ್ಲಿಯೂ ಕಬ್ಬಿನ ಗದ್ದೆಗಳ ಬದುಗಳಲ್ಲಿಯೂ ಇಂದಿಗೂ ಕಾಣಸಿಗುವ ಕೆಂಪು ರಾಟವಾಳ. ಅದು ಯೂರೋಪಿನ ಶ್ರೀಮಂತರ ಮನೆಗಳನ್ನು ಸೇರುವ ಹೊತ್ತಿಗೆ ಹೊರಟುಬಂದ ನಗರದ ಹೆಸರೇ ಸ್ವಲ್ಪ ವಿಕಾರಗೊಂಡು ಅದಕ್ಕೆ ಅಂಟಿಕೊಂಡಿತ್ತು. 1758ರಲ್ಲಿ ಲಿನೇಯಸನು ಪ್ರಾಣಿಗಳನ್ನೆಲ್ಲ ವರ್ಗೀಕರಿಸಿದಾಗ ಆ ವ್ಯಾಪಾರದ ಹೆಸರನ್ನೇ ‘ಅಮಂಡವಾ’ ಎಂದು ಶಾಸ್ತ್ರದೊಳಕ್ಕೆ ಸೇರಿಸಿದನು.

ಈ ಹಕ್ಕಿಯ ವ್ಯಾಪಾರದ ಚರಿತ್ರೆಯೆಲ್ಲ ಗಂಡು ಯಾವುದು ಹೆಣ್ಣು ಯಾವುದು ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ ಎಂದರೆ ಅತಿಶಯೋಕ್ತಿಯಾಗದು. ಮಳೆಗಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಮುಂಗಾರು ಹಿಡಿದು ಹುಲ್ಲು ಎದೆಯೆತ್ತರಕ್ಕೆ ಬೆಳೆಯುವ ವೇಳೆಗೆ ಗಂಡಿನ ಶಿರಸ್ಸು, ಕಂಠ, ವಕ್ಷಸ್ಥಳಗಳೆಲ್ಲ ದಾಳಿಂಬೆಯ ಕಾಳಿನಂತೆ ಕೆಂಪಾಗಿ, ಆ ಕೆಂಪಿನ ಮೇಲೆ, ವಿಶೇಷವಾಗಿ ಪಕ್ಕೆಗಳಲ್ಲಿಯೂ ರೆಕ್ಕೆಗಳಲ್ಲಿಯೂ, ಶುಭ್ರವಾದ ಬಿಳಿಯ ಚುಕ್ಕೆಗಳು ಎದ್ದು ಕಾಣುತ್ತವೆ. ಬಾಲ ಮಾತ್ರ ಕಪ್ಪು. ಹೆಣ್ಣಾದರೋ ಬೆನ್ನಿನಲ್ಲಿ ಮಣ್ಣಿನ ಕಂದು, ಹೊಟ್ಟೆಯಲ್ಲಿ ಮಾಸಲು ಹಳದಿ; ಬಾಲದ ಬುಡದಲ್ಲಿರುವ ಒಂದಿಷ್ಟು ಕೆಂಪು, ಕೆಂಪಾದ ಕೊಕ್ಕು, ರೆಕ್ಕೆಯ ಮೇಲಿನ ಕೆಲವು ಸಣ್ಣ ಚುಕ್ಕೆಗಳು, ಇಷ್ಟೇ ಅದರ ಅಲಂಕಾರ. ಮಕ್ಕಳಾದರೂ ಇವನ್ನು ಬೇರ್ಪಡಿಸಬಲ್ಲರು. ಆದರೆ ಮರಿಗಳೆದ್ದು ಸಂತಾನಕಾಲವು ಮುಗಿದ ತರುವಾಯ ಗಂಡು ತನ್ನ ಕೆಂಪು ಗರಿಗಳನ್ನೆಲ್ಲ ಉದುರಿಸಿ ಹೆಣ್ಣಿನ ಕಂದುಬಣ್ಣವನ್ನೇ ತೊಟ್ಟುಕೊಳ್ಳುತ್ತದೆ. ಚೈತ್ರದ ಸುಮಾರಿಗೆ ಕೊಕ್ಕೂ ಕಪ್ಪಾಗಿ, ಮತ್ತೆ ಕೆಲವು ವಾರಗಳಲ್ಲಿ ಕೆಂಪೇರತೊಡಗುತ್ತದೆ. ರಾಟವಾಳಗಳನ್ನೂ ಅಂಗಡಿಗಳ ಇತರ ಅನೇಕ ಫಿಂಚ್ ಹಕ್ಕಿಗಳನ್ನೂ ಒಳಗೊಂಡ, ಸುಮಾರು 140 ಪ್ರಭೇದಗಳ ದೊಡ್ಡ ಕುಟುಂಬದಲ್ಲಿ ಹೀಗೆ ಋತುವಿಗೊಂದು ವೇಷವನ್ನು ಧರಿಸುವ ಹಕ್ಕಿ ಅತ್ಯಂತ ಅಪೂರ್ವ. ಬಹುತೇಕ ಎಲ್ಲವೂ ಒಮ್ಮೆ ಪ್ರಾಯಕ್ಕೆ ಬಂದ ಮೇಲೆ ಆಗ ತೊಟ್ಟ ಉಡುಗೆಯಲ್ಲಿಯೇ ಬಾಳುತ್ತವೆ.

ವ್ಯಾಪಾರಿಗೆ ಇದರಿಂದ ಒದಗುತ್ತಿದ್ದ ಕಷ್ಟವನ್ನು ಊಹಿಸಿಕೊಳ್ಳುವುದು ಸುಲಭ. ಹಕ್ಕಿಗೆ ಬೆಲೆ ಬರುತ್ತಿದ್ದುದು ಕೆಂಪಿನಿಂದ, ಕೆಂಪಿದ್ದುದು ಗಂಡಿನಲ್ಲಿ, ಅದೂ ವರ್ಷದ ಕೆಲವು ತಿಂಗಳು ಮಾತ್ರ. ಮಳೆಗಾಲದಲ್ಲಿ ಹಿಡಿದ ಗಂಡನ್ನು ಆರು ತಿಂಗಳ ಸಮುದ್ರಯಾನದ ಕೊನೆಯಲ್ಲಿ ಕೊಂಡ ಯಜಮಾನನ ಕಣ್ಣಿಗೆ ಅದು ಕಂದಾಗಿ ಕಂಡಿದ್ದರೆ ಅಥವಾ ಕೊಂಡ ಮೇಲೆ ಕಂದಾಗಿಬಿಟ್ಟಿದ್ದರೆ, ಅವನು ರೋಗವೆಂದೋ ಮೋಸವೆಂದೋ ಶಂಕಿಸಿದ್ದಲ್ಲಿ ಆಶ್ಚರ್ಯವೇನೂ ಇಲ್ಲ. ಇದರ ಜೊತೆಗೆ ಸೆರೆಯಲ್ಲಿ ಬಿಸಿಲು ಕಾಣದೆ ಒಂದೇ ಬಗೆಯ ಕಾಳನ್ನು ತಿಂದು ಬೆಳೆದ ಹಕ್ಕಿಗಳು ಕೆಲವೊಮ್ಮೆ ಕೆಂಪನ್ನು ಪೂರ್ತಿಯಾಗಿ ಕಳೆದುಕೊಂಡು ಕಪ್ಪಾಗಿಬಿಡುವುದೂ ಉಂಟು.

ಆದರೆ ಈ ಹಕ್ಕಿಯನ್ನು ಹಿಡಿಯುವುದೇ ಕುಲವೃತ್ತಿಯಾಗಿದ್ದವರಿಗೆ, ಹುಲ್ಲುಬಯಲಿನಲ್ಲಿ ಬಲೆಯನ್ನು ಹಾಸಿ, ಹಳೆಯ ಕನ್ನಡದಲ್ಲಿ ದೀವವೆನ್ನುತ್ತಿದ್ದ ಪಳಗಿದ ಹಕ್ಕಿಯ ಪಂಜರವನ್ನು ಅದರ ನಡುವೆ ಇಟ್ಟು, ಆ ಹಕ್ಕಿಯ ಚಿಲಿಪಿಲಿಗೆ ಇಳಿದುಬರುವ ಹಿಂಡಿಗಾಗಿ ಬೆಳಗಿನಿಂದ ಕಾದು ಕುಳಿತಿರುತ್ತಿದ್ದ ಬೇಟೆಗಾರರಿಗೆ, ಬೇಸಗೆಯಲ್ಲಿಯೂ ಗಂಡುಹೆಣ್ಣುಗಳ ಭೇದವು ತಿಳಿಯದೇ ಇರುತ್ತಿರಲಿಲ್ಲ. ಕಂದುವೇಷದ ಗಂಡನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಗಂಟಲೂ ಎದೆಯ ಮೇಲ್ಭಾಗವೂ ಹೆಣ್ಣಿನದಕ್ಕಿಂತ ಹೆಚ್ಚು ಬೂದುಬಣ್ಣವಾಗಿರುತ್ತವೆ. ರೆಕ್ಕೆಯ ಮೇಲಿನ ಚುಕ್ಕೆಗಳು ಹೆಣ್ಣಿನವಕ್ಕಿಂತ ದಪ್ಪ. ಹತ್ತು ಸೆಂಟಿಮೀಟರ್ ಉದ್ದದ ಹಕ್ಕಿಯಲ್ಲಿ ಈ ಭೇದವೆಷ್ಟು ಸೂಕ್ಷ್ಮವಾದುದು! ಗ್ರಂಥಗಳನ್ನು ಬರೆದವರ ಹೆಸರುಗಳು ನಮಗೆ ಉಳಿದಿವೆ. ಅವರಿಗೆ ಮುಂಚೆ ಈ ಚುಕ್ಕೆಗಳನ್ನು ಓದಿದವರ ಹೆಸರುಗಳು ಉಳಿದಿಲ್ಲ. ಇದು ನಮ್ಮ ನಿಸರ್ಗಶಾಸ್ತ್ರದ ಚರಿತ್ರೆಯ ದೊಡ್ಡ ಲೋಪವೆಂದು ನಾನು ಭಾವಿಸಿದ್ದೇನೆ.

ಏಕೆಂದರೆ ಈ ಹಕ್ಕಿಯ ವಿಷಯದಲ್ಲಿ ಶಾಸ್ತ್ರಜ್ಞರು ಪಂಜರದವರಿಂದ ಕಲಿತುದು ಅಲ್ಪವಲ್ಲ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿ 1841ರಿಂದ ಎರಡು ದಶಕಗಳ ಕಾಲ ಅಧಿಕಾರಿಯಾಗಿದ್ದ ಎಡ್ವರ್ಡ್ ಬ್ಲೈತನು ಬಂಗಾಳದ ಬಾಬುಗಳ ಒಂದು ವಿನೋದವನ್ನು ಕಂಡಿದ್ದನು. ಅವರು ಮೂರು ಪುಟ್ಟ ಪಂಜರಗಳನ್ನು ಸಾಲಾಗಿಟ್ಟು, ನಡುವಿನದರಲ್ಲಿ ಒಂದು ಹೆಣ್ಣನ್ನೂ ಅಕ್ಕಪಕ್ಕದವುಗಳಲ್ಲಿ ಒಂದೊಂದು ಗಂಡನ್ನೂ ಇರಿಸಿ, ಸ್ವಲ್ಪ ಹೊತ್ತು ಬಿಟ್ಟು ಗಂಡುಗಳನ್ನು ಹೊರಬಿಡುತ್ತಿದ್ದರು. ಬಿಟ್ಟೊಡನೆ ಅವು ಒಂದರ ಮೇಲೊಂದು ಬಿದ್ದು ಘೋರವಾಗಿ ಕಾದಾಡುತ್ತಿದ್ದುವು. ಕೋಳಿ ಅಂಕದಂತೆಯೇ ಇದೂ ಕ್ರೂರವಾದ ಆಟವೇ. ಆದರೆ ಬ್ಲೈತನಿಂದ ಈ ಸಂಗತಿಯನ್ನು ತಿಳಿದ ಚಾರ್ಲ್ಸ್ ಡಾರ್ವಿನನು 1871ರಲ್ಲಿ ಮಾನವನ ಮೂಲವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಹೆಣ್ಣಿಗಾಗಿ ಗಂಡುಗಳು ಹೋರುವುದಕ್ಕೆ ನಿದರ್ಶನವಾಗಿ ಇದನ್ನೂ ಎತ್ತಿಕೊಂಡನು. ಅಹಮದಾಬಾದಿನ ಹಕ್ಕಿ ಹೀಗೆ ವಿಕಾಸವಾದದ ವಾಗ್ವಾದದೊಳಗೆ ಪ್ರವೇಶಿಸಿತು.

ಆ ವಾದದ ಇನ್ನೊಂದು ಭಾಗ ಮತ್ತಷ್ಟು ಗಹನವಾದುದು. ಗಂಡಿನ ಬಣ್ಣವು ಹೆಣ್ಣಿನ ಆಯ್ಕೆಯಿಂದ ಬೆಳೆದುಬಂದುದೆಂದು ಡಾರ್ವಿನನು ಹೇಳಿದ್ದನು. ಅವನಂತೆಯೇ ನಿಸರ್ಗದ ಆಯ್ಕೆಯ ತತ್ತ್ವವನ್ನು ಕಂಡುಹಿಡಿದ ವಾಲೇಸನೇ ಇದನ್ನು ಒಪ್ಪಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ಫ್ರಾಂಕ್ ಫಿನ್ ಎಂಬಾತನು ಇದನ್ನು ಪರೀಕ್ಷಿಸಲು ಕೆಂಪು ರಾಟವಾಳಗಳನ್ನೇ ಆರಿಸಿಕೊಂಡನು. ಅವನ ಉಪಕರಣವೂ ಬಾಬುಗಳದೇ ಎನ್ನಬಹುದು: ಮೂರು ಅಂಕಣಗಳ ಪಂಜರ, ನಡುವೆ ಹೆಣ್ಣು, ಇಕ್ಕೆಲಗಳಲ್ಲಿ ಗಂಡುಗಳು. ವ್ಯತ್ಯಾಸವಿಷ್ಟೇ, ಬಾಬುಗಳು ಗಂಡುಗಳ ಪೌರುಷವನ್ನು ನೋಡಬಯಸಿದರೆ ಫಿನ್ ಹೆಣ್ಣಿನ ಮನಸ್ಸನ್ನು ನೋಡಬಯಸಿದನು. ಒಂದು ಗಂಡು ಇನ್ನೊಂದಕ್ಕಿಂತ ಹೆಚ್ಚು ಕೆಂಪಾಗಿರುವಂತೆ ಆರಿಸಿಟ್ಟು ಹೆಣ್ಣು ಯಾವ ಕಡೆಗೆ ಒಲಿಯುವುದೆಂದು ಕಾದನು. ಹೆಣ್ಣು ಹೆಚ್ಚು ಕೆಂಪಾದುದರತ್ತ ಒಲಿಯಿತೆಂದು ಅವನು ದಾಖಲಿಸಿದ್ದಾನೆ. ಕೆಲವೇ ಹಕ್ಕಿಗಳಿಂದ ಸಿದ್ಧಾಂತವನ್ನು ಕಟ್ಟಲಾಗದು, ನಿಜ. ಆದರೂ ಹಕ್ಕಿಗಳಲ್ಲಿ ಹೆಣ್ಣಿನ ಆಯ್ಕೆಯನ್ನು ಊಹೆಗೆ ಬಿಡದೆ ಪ್ರಯೋಗದಿಂದ ಕೇಳಿನೋಡಿದ ಮೊದಮೊದಲ ಯತ್ನಗಳಲ್ಲಿ ಇದು ಸೇರುತ್ತದೆ. ಅದಕ್ಕೆ ಬೇಕಾದ ಪಂಜರವೂ ಹಕ್ಕಿಯೂ ಕಲ್ಕತ್ತೆಯ ಬಜಾರಿನ ಜನಕ್ಕೆ ಮೊದಲೇ ಪರಿಚಿತವಾಗಿದ್ದುವು.

ವ್ಯಾಪಾರವು ಇಪ್ಪತ್ತನೆಯ ಶತಮಾನದಲ್ಲಿ ಇಳಿಯುವ ಬದಲು ಬೆಳೆಯಿತು. ಪಂಜರಗಳಿಂದ ತಪ್ಪಿಸಿಕೊಂಡ ಹಕ್ಕಿಗಳ ಸಂತತಿ ಇಂದು ಸ್ಪೇನಿನ ನದೀತೀರಗಳಲ್ಲಿಯೂ ಹವಾಯಿ, ಫಿಜಿ ದ್ವೀಪಗಳಲ್ಲಿಯೂ ಸ್ವತಂತ್ರವಾಗಿ ಬಾಳುತ್ತಿದೆ. ಇತ್ತ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ಇದನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿದುವು. ಈಗ ಅಂಗಡಿಗಳಲ್ಲಿ ನ್ಯಾಯಸಮ್ಮತವಾಗಿ ದೊರೆಯುವ ಫಿಂಚ್ ಹಕ್ಕಿಗಳಲ್ಲಿ ಹೆಚ್ಚಿನವು ಪಂಜರದಲ್ಲಿಯೇ ತಲೆತಲಾಂತರದಿಂದ ಬೆಳೆದ ಪರದೇಶದವು. ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಅವುಗಳಲ್ಲಿ ಪ್ರಧಾನವಾದುದು. ಕೆನ್ನೆಯಲ್ಲಿ ಕಿತ್ತಳೆಯ ಬೊಟ್ಟಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಋತುವಿಗನುಸಾರವಾಗಿ ಈ ಗುರುತು ಬದಲಾಗದು.

ಕೆಂಪು ರಾಟವಾಳವನ್ನು ನೋಡಬಯಸುವವರು ಮಳೆಗಾಲದಲ್ಲಿ ಜೊಂಡು ಬೆಳೆದ ಯಾವುದಾದರೂ ಕೆರೆಯಂಚಿಗೆ ದುರ್ಬೀನಿನೊಡನೆ ಹೋಗಿ ತಾಳ್ಮೆಯಿಂದ ನಿಲ್ಲಲಿ. ಅದೇ ಕೆರೆಗೆ ಬೇಸಗೆಯಲ್ಲಿ ಮತ್ತೊಮ್ಮೆ ಹೋಗಿ, ಕಂದುಹಕ್ಕಿಗಳ ಹಿಂಡಿನಲ್ಲಿ ಬೂದುಗಂಟಲಿನದನ್ನು ಹುಡುಕಲಿ. ಅದನ್ನು ಪಂಜರದಲ್ಲಿಟ್ಟು ಮಾರುವವರು ಸಂತೆಯಲ್ಲೋ ಅಂಗಡಿಯಲ್ಲೋ ಕಂಡುಬಂದರೆ, ಬಿಡಿಸುವ ಕರುಣೆಯಿಂದಲೂ ಹಣ ತೆತ್ತು ಕೊಳ್ಳದೆ, ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.