ಹಳೆಯ ಚಿತ್ರ, ಹೊಸ ಚಿತ್ರ

ಪುಣೆಯಿಂದ ಸೊಲ್ಲಾಪುರದ ಮೇಲೆ ವಿಜಾಪುರದ ಕಡೆ ಹೋಗುವ ನಮ್ಮವರಿಗೆ ಇಂದಾಪುರ ದಾರಿಯ ಊರು. ಈ ಸೀಮೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಕೂಡಿದಲ್ಲೆಲ್ಲ ಒಂದು ವಾದ ಏಳುವುದುಂಟು. ಹಿರಿಯರಿಗೆ 1972ರ ‘ಬಂಗಾರದ ಮನುಷ್ಯ’ವೇ ಚಿತ್ರ, ಮಕ್ಕಳಿಗೆ 2022ರ ‘ಕಾಂತಾರ’.

ಹೋಲಿಸಬೇಕಾದರೆ ಎರಡೂ ಕಣ್ಣ ಮುಂದಿರಬೇಕಷ್ಟೆ. ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ನಿರ್ದೇಶಕರು ವೈ.ವಿ. ರಾವ್, ನಟವರ್ಗದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬಾ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಅದು ಬಿಡುಗಡೆಯಾಯಿತು. ಜನ ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ. ಅದನ್ನು ಹೊಗಳಲೂ ತೆಗಳಲೂ ನಮಗೀಗ ದಾರಿಯಿಲ್ಲ.

ಇನ್ನೊಂದು ಬದಿ ನೋಡೋಣ. ಪ್ರಭಾತ್ ಕಂಪನಿಯವರ ಸ್ಟುಡಿಯೋ ಇದ್ದ ಪುಣೆಯ ಆವರಣದಲ್ಲೇ 1960ರಲ್ಲಿ ಚಲನಚಿತ್ರ ಶಿಕ್ಷಣ ಸಂಸ್ಥೆ ಆರಂಭವಾಯಿತು. ಅಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ತೆಗೆದು ಸ್ವರ್ಣಕಮಲ ಪಡೆದರು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಆದ್ದರಿಂದಲೇ ಚಿತ್ರವನ್ನು ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸುವುದು ಸಾಧ್ಯವಾಯಿತು. ನಲವತ್ತೇಳು ವರ್ಷದ ಚಿತ್ರ ಹೊಸಬರಿಗೂ ಹೊಸದಾಯಿತು.

ಯಾವುದು ಮೇಲು ಎಂಬ ವಾದ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಕಾಪಾಡಿಕೊಂಡದ್ದು ಮಾತ್ರ ವಾದಕ್ಕೆ ದಕ್ಕುತ್ತದೆ. ನಮ್ಮ ಟ್ರಂಕುಗಳಲ್ಲಿರುವ ಹಳೆಯ ಹಾಡಿನ ಪುಸ್ತಕ, ಹ್ಯಾಂಡ್‌ಬಿಲ್ಲುಗಳನ್ನು ರದ್ದಿಗೆ ಹಾಕುವ ಮುನ್ನ ಇದನ್ನು ನೆನೆಯೋಣ.